ಈ ವಯಸ್ಸಿಗೆ ಸ್ಪ್ಯಾನಿಷ್ ಯಾಕೆ ಅಂದರೆ

ಸ್ಪ್ಯಾನಿಷ್ ಕಲಿಸುವ ಆ್ಯಪ್ ಒಂದನ್ನು ಫೋನಿಗೆ ಇಳಿಸಿಕೊಂಡಾಗ ಅದು ಪಾಠಕ್ಕಿಂತ ಮೊದಲು ಪ್ರಶ್ನೆ ಹಾಕಿತು. ಯಾಕೆ ಕಲಿಯುತ್ತಿದ್ದೀರಿ? ಉತ್ತರಗಳನ್ನೂ ಅದೇ ಜೋಡಿಸಿಟ್ಟಿತ್ತು: ಪ್ರವಾಸ, ಉದ್ಯೋಗ, ವಿದ್ಯಾಭ್ಯಾಸ, ಮೆದುಳಿನ ವ್ಯಾಯಾಮ, ಸಂಸಾರ, ಸುಮ್ಮನೆ ಖುಷಿ. ಒಂದನ್ನು ಮುಟ್ಟದೆ ಮುಂದಕ್ಕೆ ಬಿಡುವುದಿಲ್ಲ. ಕಾನ್ವೆಂಟ್‌ನಲ್ಲಿ ಓದಿದವಳು ನಾನು. ತಪ್ಪು ಉತ್ತರ ಗುರುತು ಹಾಕಿದರೆ ಈಗಲೂ ಬೆರಳಿನ ಗೆಣ್ಣು ಚುರುಕ್ ಅನ್ನುತ್ತದೆ. ಬಹಳ ಹೊತ್ತು ನೋಡಿ 'ಪ್ರವಾಸ' ಒತ್ತಿದೆ. ಚನ್ನಗಿರಿಯಿಂದ ಜಗಳೂರಿಗೆ ಹೋಗುವುದೂ ಪ್ರವಾಸವೇ ತಾನೆ.

ಚನ್ನಗಿರಿಯಲ್ಲಿ ನಾನಿರುವುದು ಮೈದುನನ ಮನೆಯ ಮೇಲಿನ ರೂಮಿನಲ್ಲಿ. ಕೆಳಗೆ ಅವನ ಅಡಿಕೆ ಮಂಡಿ, ಹಿಂದುಗಡೆ ತುಂಬಿದ ಸಂಸಾರ. ನಮ್ಮವರು ಹೋದ ಮೇಲೂ ನನಗೆ ಯಾವುದಕ್ಕೂ ಕಡಿಮೆಯಾಗಿಲ್ಲ. ಆದರೂ ಕೂತಲ್ಲಿ ಕೂರಲಾಗದ ಒಂದು ರೆಸ್ಟ್‌ಲೆಸ್‌ನೆಸ್ ಬಾಲ್ಯದಿಂದ ನನ್ನ ಜೊತೆಗೇ ಬಂದಿದೆ. ಸ್ಕೂಲಿನಲ್ಲಿ ಕಲಿತ ಅಷ್ಟು ಚಂದದ ಇಂಗ್ಲಿಷ್ ಈ ಮನೆಯಲ್ಲಿ ಏನಾಯಿತು ಹೇಳಿ. ಮಾತ್ರೆಯ ಹಾಳೆ ಓದುವುದಕ್ಕೆ, ಕರೆಂಟ್ ಆಫೀಸಿಗೆ ಅರ್ಜಿ ಬರೆಯುವುದಕ್ಕೆ, ಮೊಮ್ಮಕ್ಕಳ ಹೋಮ್‌ವರ್ಕಿಗೆ ಆಯಿತು. ಆ ಭಾಷೆಯಲ್ಲಿ ಯಾರೊಂದಿಗೂ ಜಗಳವಾಡಲಿಲ್ಲ, ಯಾರಿಗೂ ಸಮಾಧಾನ ಹೇಳಲಿಲ್ಲ. ಅದು ಬೀರುವಿನಲ್ಲಿಟ್ಟ ರೇಷ್ಮೆ ಸೀರೆಯ ಹಾಗೆ ಮಡಿಕೆಯಲ್ಲೇ ಸೀಳಿಹೋಯಿತು.

ಬೆಳಿಗ್ಗೆ ಬಾಲ್ಕನಿಯಲ್ಲಿ ಕೂತು ಫೋನಿಗೆ ಸ್ಪ್ಯಾನಿಷ್ ಹೇಳತೊಡಗಿದಾಗ ಓರಗಿತ್ತಿ ಹುಳಿಪುಡಿ ಹುರಿಯುವುದನ್ನು ನಿಲ್ಲಿಸಿ ಮೇಲೆ ಹತ್ತಿ ಬಂದಳು.

"ಅಕ್ಕಾ, ಯಾರಿಗೆ ಬಯ್ಯಾಕೆ ಹತ್ತೀರಿ ಹೊತ್ತಾರೆ ಹೊತ್ತಾರೆ?"

ಸ್ಪ್ಯಾನಿಷ್ ಕಲಿಯುತ್ತಿದ್ದೇನೆ, ಮರೆವು ಬಾರದಿರಲಿ ಎಂದು ಅಂದೆ. ಅದಕ್ಕೆ ಅವಳು, ಹೋದ ತಿಂಗಳು ಬೀಗದ ಕೈ ಫ್ರಿಜ್‌ನಲ್ಲಿ ಇಟ್ಟವರು ನೀವೇ, ಅದನ್ನು ಯಾವ ಭಾಷೆಯಲ್ಲಿ ಮರೆತಿರಿ ಎಂದು ಕೇಳಿ ಕೆಳಗಿಳಿದಳು. ಮೈದುನ ಮಾತ್ರ ವಿಷಯವನ್ನು ಗಂಭೀರವಾಗಿ ತೆಗೆದುಕೊಂಡ. ಆ ಕಡೆಯ ದೇಶದವರು ಅಡಿಕೆ ಹಾಕುತ್ತಾರೋ ಇಲ್ಲವೋ ವಿಚಾರಿಸಿ ಅತ್ತಿಗೆ ಅಂದ. ಪಕ್ಕದ ಮನೆಯವರಿಗೆ ಕಾಲಕ್ಷೇಪ ಅಂದೆ. ಬಸ್ಸಿನಲ್ಲಿ ಪಕ್ಕ ಕೂತ ಕಾಲೇಜು ಹುಡುಗಿಗೆ ಪ್ರಪಂಚದಲ್ಲಿ ಎಷ್ಟೊಂದು ದೇಶಗಳಲ್ಲಿ ಈ ಭಾಷೆ ನಡೆಯುತ್ತದೆ ಎಂದು ಲೆಕ್ಚರ್ ಕೊಟ್ಟೆ. ಎಲ್ಲವೂ ಒಳ್ಳೆಯ ಕಾರಣಗಳೇ, ಯಾವುದೂ ನನ್ನದಲ್ಲ. ನನ್ನದನ್ನು ಹೇಳಲು ಎರಡು ಸ್ಟಾಪ್‌ಗಳ ನಡುವಿನ ಹೊತ್ತು ಸಾಲುತ್ತಿರಲಿಲ್ಲ.

ನನ್ನ ಕಾರಣ ಬಂದದ್ದು ಹಳೆಯ ವಿದ್ಯಾರ್ಥಿನಿಯರ ವಾಟ್ಸಾಪ್ ಗುಂಪಿನಲ್ಲಿ. ದಿನಾ ಗುಡ್ ಮಾರ್ನಿಂಗ್ ಹೂಗಳೂ ಮಂಡಿನೋವಿನ ಎಣ್ಣೆಗಳೂ ತುಂಬುವ ಆ ಗುಂಪಿಗೆ ಯಾರೋ ಒಂದು ವಿನಂತಿ ಕಳಿಸಿದ್ದರು. ಹರಿಹರದ ನಮ್ಮ ಹಾಸ್ಟೆಲ್ ನೋಡಿಕೊಳ್ಳುತ್ತಿದ್ದ ಸ್ಪೇನಿನ ಸಿಸ್ಟರ್ ಈಗ ಜಗಳೂರಿನ ಹತ್ತಿರ, ಅವರ ಸಂಘದವರು ನಡೆಸುವ ಸಣ್ಣ ದವಾಖಾನೆಯ ಮನೆಯಲ್ಲಿ ಇದ್ದಾರೆ. ಲಕ್ವ ಹೊಡೆದ ಮೇಲೆ ಅವರಿಗೆ ಇಂಗ್ಲಿಷ್ ಹೋಗಿದೆ, ಕನ್ನಡವೂ ಹೋಗಿದೆ, ಹುಟ್ಟಿದೂರಿನ ಭಾಷೆ ಮಾತ್ರ ಉಳಿದಿದೆ. ಬೇಸಿಗೆಗೆ ಮುಂಚೆ ಅವರನ್ನು ಸ್ಪೇನಿಗೆ ಕಳಿಸುವ ಏರ್ಪಾಡು ನಡೆದಿದೆ. ಕಳಿಸುವ ಮುನ್ನ ಅವರ ಮನಸ್ಸು ಕೇಳಬೇಕು. ನಿಮ್ಮಲ್ಲಿ ಯಾರಿಗಾದರೂ ಸ್ಪ್ಯಾನಿಷ್ ಬರುತ್ತದೆಯೇ?

ಯಾರಿಗೂ ಬರುತ್ತಿರಲಿಲ್ಲ. ಕೈಮುಗಿದ ಚಿತ್ರಗಳನ್ನು ಸಾಲಾಗಿ ಹಾಕಿ ಗುಂಪು ಮತ್ತೆ ಎಣ್ಣೆಗೆ ಹೋಯಿತು. ನನಗೆ ಆ ದಿನ ಊಟ ಸೇರಲಿಲ್ಲ.

ಮರುವಾರ ದಾವಣಗೆರೆಯಲ್ಲಿ ಬಸ್ ಬದಲಿಸಿ ಜಗಳೂರಿಗೆ ಹೋದೆ. ಮುಂಗಾರು ಮುಗಿದಿತ್ತು, ರಸ್ತೆಯ ಅರ್ಧಕ್ಕೆ ಮೆಕ್ಕೆಜೋಳ ಹರವಿದ್ದರು. ದವಾಖಾನೆಯ ಅಂಗಳದಲ್ಲಿ ಬೇವಿನ ಮರ, ಗೇಟಿನ ಪಕ್ಕ ಒಂದು ಕಲ್ಲುಬೆಂಚು. ಬೆಂಚಿನ ಮೇಲೆ ಮಡಿಲಲ್ಲಿ ಬಟ್ಟೆಚೀಲ ಇಟ್ಟುಕೊಂಡು, ಬಿಳಿ ಉಡುಪಿನಲ್ಲಿ ಒಂದು ಹಿಡಿಯಷ್ಟಾದ ಸಿಸ್ಟರ್ ಕೂತಿದ್ದರು. ನಮ್ಮನ್ನೆಲ್ಲ ಹೆದರಿಸಿದ್ದ ಆ ಎತ್ತರ ಎಲ್ಲಿ ಹೋಯಿತೋ. ನಾನು ಗುಡ್ ಆಫ್ಟರ್‌ನೂನ್ ಸಿಸ್ಟರ್ ಅಂದೆ, ನಮಸ್ಕಾರ ಅಂದೆ. ಅವರು ನನ್ನ ಮುಖ ನೋಡಿ ದೀರ್ಘವಾಗಿ ಏನೋ ಹೇಳಿದರು. ಕೊನೆಯಲ್ಲಿ ಪ್ರಶ್ನೆಯಿತ್ತು, ಅದಷ್ಟೇ ಧ್ವನಿಯಿಂದ ತಿಳಿಯಿತು. ಉತ್ತರಕ್ಕೆ ಕಾದರು. ನಾನು ಪರೀಕ್ಷೆಗೆ ಓದದೆ ಬಂದ ಹುಡುಗಿಯ ಹಾಗೆ ನಿಂತಿದ್ದೆ.

ಅವರನ್ನು ನೋಡಿಕೊಳ್ಳುವ ಆಯಾ ಅಲ್ಲೇ ಹತ್ತಿರದ ಸೊಕ್ಕೆ ಊರಿನವಳು, ಗಟ್ಟಿ ಹೆಂಗಸು. ನನಗೆ ಚಹಾ ತಂದುಕೊಟ್ಟು ಅವಳೇ ಎಲ್ಲ ವಿವರಿಸಿದಳು.

"ತವರು ಹತ್ತೈತ್ರೀ ಅಮ್ಮಾರಿಗೆ. ಮಧ್ಯಾಹ್ನ ಮೂರಾತು ಅಂದ್ರೆ ಚೀಲ ತಗೊಂಡು ಗೇಟಿಗೆ ಬಂದು ಕುಂತ್ಕೊಂತಾರೆ. ಒಳಾಕೆ ಕರೆದ್ರೆ ಬರಂಗಿಲ್ಲ. ಚೀಲದಾಗೆ ಟವೆಲ್ಲು, ಬಾಚಣಿಗೆ, ಸೋಪು. ಊರಿಗೆ ಹೊಂಟೋರ ಚೀಲ ಅಲ್ಲೇನ್ರೀ ಅದು?"

ಹಾಗಂತ ಅವಳು ಸುಮ್ಮನೆ ಬಿಟ್ಟಿರಲಿಲ್ಲ. ನಮ್ಮ ಕಡೆ ಹೆಣ್ಣೊಬ್ಬಳು ಹೊಸ್ತಿಲಲ್ಲಿ ನಿಂತು ರಸ್ತೆ ನೋಡತೊಡಗಿದರೆ, ಅವಳಿಗೆ ಎಷ್ಟೇ ವಯಸ್ಸಾಗಿರಲಿ, ತವರು ಎಳೆಯುತ್ತಿದೆ ಎಂದೇ ಲೆಕ್ಕ. ತಡೆಯಬಾರದು, ತಡೆದರೆ ಶಾಪ. ದವಾಖಾನೆಗೆ ಬರುವ ಹೆಂಗಸರೆಲ್ಲ ಮಾತಾಡಿಕೊಂಡು ಒಂದು ಶುಕ್ರವಾರ ಸಿಸ್ಟರನ್ನು ಮಣೆಯ ಮೇಲೆ ಕೂರಿಸಿ, ಅಕ್ಕಿ, ಕೊಬ್ಬರಿ, ಹಸಿರು ಕುಪ್ಪಸದ ಕಣ ಹಾಕಿ ಉಡಿ ತುಂಬಿದ್ದರಂತೆ. ಸಿಸ್ಟರ್ ಅಕ್ಕಿಯನ್ನು ಉಡಿಯಿಂದ ತೆಗೆದು ಅಡುಗೆಮನೆಗೆ ಕೊಟ್ಟರಂತೆ. ಹೊರಟವಳು ಮನೆಗೆ ಅಕ್ಕಿ ಬಿಟ್ಟು ಹೋಗುತ್ತಿದ್ದಾಳೆ ಎಂದು ಎಲ್ಲರೂ ಕಣ್ಣೊರೆಸಿಕೊಂಡರಂತೆ. ಸುಪೀರಿಯರ್, ಅಂದರೆ ಆ ಮನೆಯ ಮುಖ್ಯಸ್ಥೆ, ಮಂಗಳೂರು ಕಡೆಯ ಚಿಕ್ಕ ವಯಸ್ಸಿನವರು. ಇಷ್ಟು ಜನ ತಾಯಂದಿರು ಒಂದೇ ಮಾತು ಹೇಳಿದರೆ ಇರಲಾರದೇ ಎಂದು ಅವರು ಸ್ಪೇನಿಗೆ ಬರೆದರು. ಅಲ್ಲಿ ವಯಸ್ಸಾದ ಸಿಸ್ಟರ್‌ಗಳ ಮನೆಯಲ್ಲಿ ಕಿಟಕಿಯ ಪಕ್ಕದ ರೂಮ್ ತೆರವಿದೆ ಎಂದು ಉತ್ತರ ಬಂತು.

ಫೋನಿನಲ್ಲಿ ಅನುವಾದ ಮಾಡುವ ಸೌಕರ್ಯ ಇದೆಯಲ್ಲ ಎಂದು ನಾನೇ ಕೇಳಿದೆ. ಅದನ್ನೂ ನೋಡಿದ್ದರು. ಹಲ್ಲಿಲ್ಲದ ಬಾಯಿಯ ತೊದಲು ಅದಕ್ಕೆ ತಿಳಿಯಲಿಲ್ಲ. ಅದು ಉತ್ತರಿಸಿದಾಗ ಸಿಸ್ಟರ್ ಹೆದರಿ ಮೇಜಿನ ಕೆಳಗೆಲ್ಲ ಯಾರೆಂದು ಹುಡುಕಿದರು. ಸ್ಪೇನಿನವರೇ ವಿಡಿಯೋದಲ್ಲಿ ಮಾತಾಡಿಸಿದಾಗ, ಮೇಲಧಿಕಾರಿಯ ಎದುರು ಇರುವಂತೆ ಶಿರವಸ್ತ್ರ ಸರಿಪಡಿಸಿಕೊಂಡು, ಎಲ್ಲ ಕ್ಷೇಮ, ದೇವರ ದಯೆ ಅಂದರಂತೆ. ಅಷ್ಟೆ.

ಕೊನೆಯ ಬಸ್ಸಿನಲ್ಲಿ ವಾಪಸು ಬರುವಾಗ ಅವರ ಪ್ರಶ್ನೆಯ ರಾಗ ಕಿವಿಯಲ್ಲಿ ಉಳಿದಿತ್ತು. ಒಬ್ಬ ಹೆಂಗಸನ್ನು ಸಮುದ್ರದಾಚೆ ಕಳಿಸುವಾಗ, ಹೋಗುತ್ತೀಯಾ ಎಂದು ಕೇಳುವ ಒಬ್ಬರೂ ಇಲ್ಲವೆಂದರೆ ಹೇಗೆ. ಮನೆ ಮುಟ್ಟುವ ಮೊದಲೇ ನಿರ್ಧಾರವಾಗಿತ್ತು.

ಕಲಿಯುವುದೆಂದರೆ ಸುಲಭವೇನಲ್ಲ. ಹೊಸ ಶಬ್ದ ಬೆಳಿಗ್ಗೆ ಬಂದು ಸಂಜೆಗೆ ಹೋಗುತ್ತಿತ್ತು, ಬಾಡಿಗೆ ಕಟ್ಟದವರ ಹಾಗೆ. ಆ್ಯಪ್ ಕಲಿಸಿದ್ದೆಲ್ಲ ಹೋಟೆಲ್ಲಿನಲ್ಲಿ ಕಾಫಿ ತರಿಸುವುದು, ರೈಲಿನ ಪ್ಲಾಟ್‌ಫಾರ್ಮ್ ವಿಚಾರಿಸುವುದು, ಹುಡುಗ ಸೇಬು ತಿನ್ನುತ್ತಿದ್ದಾನೆ ಎಂಬುದು. ನಾನು ಸಿಸ್ಟರ್ ಹತ್ತಿರ ಸೇಬಿನ ಮಾತು ಆಡಬೇಕೇ. ಅದಕ್ಕೇ ಶಬ್ದಕೋಶ ತರಿಸಿ, ಕೇಳಬೇಕಾದ್ದನ್ನು ನಾನೇ ಕಟ್ಟಿಕೊಂಡೆ. ನಿಮಗೆ ಹೋಗಬೇಕೆನಿಸುತ್ತದೆಯೇ? ಇಲ್ಲಿ ಇರುವುದು ಇಷ್ಟವೇ? ಸ್ಪೇನಿನ ಹಳ್ಳಿಗಳಲ್ಲಿ ವಯಸ್ಸಾದವರು ಮಾತಾಡುವ ವಿಡಿಯೋಗಳನ್ನು ಹಾಕಿ ಕೇಳುತ್ತಾ ಕೂರುತ್ತಿದ್ದೆ. ಮೊದಲು ಕಲ್ಲು ಉರುಳಿಸಿದ ಹಾಗೆ ಕೇಳಿಸಿದ್ದು, ಬರಬರುತ್ತಾ ನಡುನಡುವೆ ಮನುಷ್ಯರ ಮಾತಾಯಿತು. ದೀಪಾವಳಿಗೆ ಓರಗಿತ್ತಿ ಎಣ್ಣೆ ಹಚ್ಚುತ್ತಾ, ಈ ಮುದುಕಿಯ ಹುರುಪಿಗೆ ನನ್ನ ದೃಷ್ಟಿಯೇ ತಾಗೀತು ಅಂದಳು. ಅವಳಿಗೆ ಅಷ್ಟರಲ್ಲಿ ಎಲ್ಲ ಹೇಳಿದ್ದೆ.

ಒಳಗೊಳಗೆ ಇನ್ನೊಂದು ತಳಮಳವಿತ್ತು. ಅವರು 'ಹೌದು, ಕಳಿಸಿ' ಅಂದರೆ? ಅವರಿಗಾಗಿ ನಾನು ಕಲಿತ ಮಾತನ್ನು ಆಡಲು ಆಮೇಲೆ ಯಾರೂ ಇರುವುದಿಲ್ಲ. ನನಗೆ ಅವರು ಇರಲಿ ಎಂಬ ಆಸೆಯೋ, ಅವರ ಇಷ್ಟ ನಡೆಯಲಿ ಎಂಬ ಆಸೆಯೋ, ಎರಡನ್ನೂ ಬಿಡಿಸಿ ನೋಡುವಷ್ಟು ಧೈರ್ಯ ಬರಲಿಲ್ಲ.

ಸಂಕ್ರಾಂತಿಯ ಎಳ್ಳು ಕಟ್ಟಿಕೊಂಡು ಮತ್ತೆ ಹೋದೆ. ಮೂರು ಗಂಟೆ ದಾಟಿತ್ತು. ಸಿಸ್ಟರ್ ಬೆಂಚಿನ ಮೇಲೆ ಚೀಲದೊಡನೆ ಇದ್ದರು. ಆಯಾ ಸ್ವಲ್ಪ ದೂರದಲ್ಲಿ ಮೊರದಲ್ಲಿ ಅವರೆಕಾಯಿ ಬಿಡಿಸುತ್ತಿದ್ದಳು. ನಾನು ಎದುರಿಗೆ ನಿಂತು, ಶುಭ ಮಧ್ಯಾಹ್ನ ಸಿಸ್ಟರ್, ಹೇಗಿದ್ದೀರಿ ಎಂದು ಸ್ಪ್ಯಾನಿಷ್‌ನಲ್ಲಿ ಕೇಳಿದೆ.

ಅವರಿಗೆ ಆಶ್ಚರ್ಯವೇ ಆಗಲಿಲ್ಲ. ಇಷ್ಟು ದಿನ ಎಲ್ಲರೂ ಆ ಭಾಷೆಯನ್ನೇ ಆಡುತ್ತಿದ್ದರೋ ಎಂಬಂತೆ, ತಡವಾಯಿತಲ್ಲ ಅಂದರು. ಪಕ್ಕದಲ್ಲಿ ಕೂರಲು ಬೆಂಚು ತಟ್ಟಿದರು. ಕೂತೆ. ಚೀಲದಿಂದ ಟವೆಲ್ ತೆಗೆದು ನನ್ನ ಹೆಗಲ ಮೇಲೆ ಹರವಿದರು. ಆಮೇಲೆ ಹಿಂದಿನಿಂದ ಕೈ ಹಾಕಿ ನನ್ನ ತುರುಬು ಬಿಚ್ಚಿದರು.

ನನ್ನ ಬಿಳಿ ಕೂದಲು, ಅದೂ ಎಷ್ಟಿದೆ. ಆ ಕೂದಲನ್ನು ಎಳೆಎಳೆಯಾಗಿ ಬಿಡಿಸಿ, ಬಾಚಣಿಗೆ ಹಾಕಿ, ಪ್ರತಿ ಸಲವೂ ಬಾಚಣಿಗೆಯನ್ನು ಬಿಸಿಲಿಗೆ ಹಿಡಿದು ನೋಡತೊಡಗಿದರು. ಒತ್ತು ಹಲ್ಲಿನ ಹೇನಿನ ಬಾಚಣಿಗೆ ಅದು. ಆಯಾ ಅವರೆ ಬಿಡಿಸುವುದನ್ನು ಬಿಟ್ಟಳು.

ಹಾಸ್ಟೆಲಿನಲ್ಲಿ ದಸರಾ ರಜೆ ಮುಗಿದ ದಿನ ಇದು ನಡೆಯುತ್ತಿತ್ತು. ಹೊನ್ನಾಳಿ, ನ್ಯಾಮತಿ ಕಡೆಯ ಹುಡುಗಿಯರು ಒಂದು ಬಸ್ಸಿನಲ್ಲಿ, ಚನ್ನಗಿರಿಯ ನಾವು ಇನ್ನೊಂದರಲ್ಲಿ ಬಂದಿಳಿಯುವುದು. ಟ್ರಂಕ್ ಒಳಗಿಡುವ ಮುನ್ನ ಎಲ್ಲರೂ ಗೇಟಿನ ಬಳಿಯೇ ಸಾಲಾಗಿ ತಲೆ ತೋರಿಸಬೇಕು. ಹೇನಿದ್ದವಳಿಗೆ ಸೀಮೆಎಣ್ಣೆ, ಸೋಪು, ಅತ್ತರೆ ಟವೆಲ್. ಇಲ್ಲದವಳಿಗೆ ನೆತ್ತಿಯ ಮೇಲೆ ಒಂದು ಏಟು, ಹೋಗು, ಊಟ ಮಾಡು. ನಾವು ಅದನ್ನು ಅವಮಾನ ಅಂದುಕೊಂಡಿದ್ದೆವು. ಊರಿಂದ ಬಂದ ಅಳುವನ್ನು ಅಳಲು ಅದೊಂದು ನೆಪವೂ ಆಗಿತ್ತು. ಬಾಚಣಿಗೆ ಎಳೆದ ನೋವು ಅಂದರೆ ಯಾರೂ ಕೇಳುತ್ತಿರಲಿಲ್ಲ.

ಸಿಸ್ಟರ್ ಬಾಚುತ್ತಲೇ ಮಾತಾಡುತ್ತಿದ್ದರು. ಎಲ್ಲ ತಿಳಿಯಿತು ಎಂದು ನಾನು ಹೇಳಲಾರೆ, ಆದರೆ ತಿಳಿದದ್ದು ಸಾಕಾಗಿತ್ತು. ಹೊನ್ನಾಳಿಯಲ್ಲಿ ಹೊಳೆ ಏರಿದೆಯಂತೆ, ಬಸ್ಸು ಸೇತುವೆಯ ಆಚೆ ನಿಂತಿರಬೇಕು. ಗೋವಿನಕೋವಿಯ ಹುಡುಗಿಗೆ ಜ್ವರ ಬಿಟ್ಟಿತೋ ಇಲ್ಲವೋ. ಅನ್ನ ಬಿಸಿಯಿರಲಿ ಎಂದು ಅಡುಗೆಯವಳಿಗೆ ಹೇಳು. ಅಕ್ಕಿ ನಾನು ಆಗಲೇ ಕೊಟ್ಟಿದ್ದೇನೆ. ಆ ಭಾಷೆಯ ತುಂಬ ನಮ್ಮ ಊರುಗಳೇ. ಸ್ಪೇನಿನ ಒಂದು ಮರವಿಲ್ಲ, ಒಂದು ಬೀದಿಯಿಲ್ಲ.

ಕಣ್ಣು ಮಂಜಾದದ್ದಕ್ಕೆ ನನಗೆ ಈ ಸಲವೂ ಬಾಚಣಿಗೆಯ ನೆಪವಿತ್ತು.

"ಅಮ್ಮಾ, ಏನಂತಾರ್ರೀ?" ಎಂದು ಆಯಾ ಮೆಲ್ಲಗೆ ಕೇಳಿದಳು.

ಇವರು ಹೊರಟು ಕೂತಿಲ್ಲ, ಬರುವವರನ್ನು ಕಾಯುತ್ತಾ ಕೂತಿದ್ದಾರೆ ಎಂದು ಹೇಳಿದೆ. ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಮೊರ ಪಕ್ಕಕ್ಕಿಟ್ಟು, "ಹಂಗಾರೆ ಉಡಿ ತುಂಬಿದ್ದು ತಪ್ಪಾತೇನ್ರೀ" ಅಂದಳು. ಮನೆಗೆ ಬಂದ ಹೆಣ್ಣಿಗೂ ಉಡಿ ತುಂಬುತ್ತಾರಲ್ಲ, ತಪ್ಪೇನಿಲ್ಲ ಅಂದೆ.

ಸುಪೀರಿಯರ್ ನನ್ನ ಮಾತನ್ನು ಪೂರ್ತಿ ಕೇಳಿದರು. ಅವರ ಮೇಜಿನ ಮೇಲೆ ಹೊಸ ಪಾಸ್‌ಪೋರ್ಟ್ ಬಂದು ಕೂತಿತ್ತು. ನಾವು ಇಂಗ್ಲಿಷ್‌ನಲ್ಲಿ ಮಾತಾಡಿದೆವು. ಎಷ್ಟೋ ವರ್ಷಗಳ ಮೇಲೆ ಆ ಭಾಷೆಯಲ್ಲಿ ನಾನು ಒಂದು ವಿಷಯಕ್ಕಾಗಿ ಹೋರಾಡುತ್ತಿದ್ದೆ, ಗ್ರಾಮರ್ ತಪ್ಪಿದರೂ ಲಕ್ಷ್ಯ ಕೊಡಲಿಲ್ಲ. ಅವರು ಹೇಳಿದ್ದರಲ್ಲೂ ನ್ಯಾಯವಿತ್ತು. ನೀವು ಹೇಳುವುದು ನಿಜವಿರಬಹುದು, ಆದರೆ ದಿನವಿಡೀ ಒಬ್ಬರೂ ಉತ್ತರ ಕೊಡದ ಮನೆಯಲ್ಲಿ ಈ ಮುದುಕಿಯನ್ನು ಇಟ್ಟುಕೊಳ್ಳುವುದು ಕ್ರೂರವಲ್ಲವೇ, ಅಲ್ಲಿ ಎಲ್ಲರೂ ಅವರ ಮಾತಿನವರೇ ಅಂದರು.

"ಅಲ್ಲಿ ಗೇಟಿಗೆ ಯಾವ ಬಸ್ಸು ಬರುತ್ತದೆ?" ಎಂದು ಕೇಳಿದೆ. ಅದು ಮಾತ್ರ ಬಾಯಿಂದ ಕನ್ನಡದಲ್ಲಿ ಬಂತು.

ಸುಪೀರಿಯರ್ ಎದ್ದರು. ನೇರವಾಗಿ ಕೇಳೋಣ ಬನ್ನಿ ಅಂದರು. ಇಬ್ಬರೂ ಬೆಂಚಿನ ಬಳಿ ಹೋದೆವು. ಕೇಳಬೇಕಾದದ್ದು ತಿಂಗಳುಗಟ್ಟಲೆ ಬಾಲ್ಕನಿಯಲ್ಲಿ ಉರುಹಚ್ಚಿದ ವಾಕ್ಯವೇ. ಆ್ಯಪಿನಲ್ಲಿ ತಪ್ಪಾದರೆ ಕೆಂಪು ದೀಪ ಬರುತ್ತದೆ, ಇನ್ನೊಮ್ಮೆ ಹೇಳಬಹುದು. ಇಲ್ಲಿ ನನ್ನ ಅರೆಬರೆ ಕಲಿಕೆಯ ಮೇಲೆ ಒಬ್ಬರ ಕೊನೆಗಾಲ ನಿಂತಿತ್ತು. ಕೈಹಿಡಿದು ಕೇಳಿದೆ: ಸಿಸ್ಟರ್, ನಿಮಗೆ ಸ್ಪೇನಿಗೆ, ನಿಮ್ಮ ಮನೆಗೆ, ಹೋಗಬೇಕೆನಿಸುತ್ತದೆಯೇ?

ಅವರು ಸ್ವಲ್ಪ ಯೋಚಿಸಿದರು, ನಿಜವಾಗಿ ಯೋಚಿಸಿದರು. ಆಮೇಲೆ ಹೇಳಿದ್ದನ್ನು ನಾನು ಸುಪೀರಿಯರ್‌ಗೆ ಹಾಗೇ ಒಪ್ಪಿಸಿದೆ.

"ಇವತ್ತು ಆಗುವುದಿಲ್ಲ. ಇವತ್ತು ಹುಡುಗಿಯರು ಬರುತ್ತಾರೆ."

ಅದು ಹೌದೂ ಅಲ್ಲ, ಇಲ್ಲವೂ ಅಲ್ಲ. ಸುಪೀರಿಯರ್ ನನ್ನನ್ನು ಆ ರಾತ್ರಿ ಅಲ್ಲೇ ಉಳಿಸಿಕೊಂಡರು. ಮಾರನೇ ಬೆಳಿಗ್ಗೆ ಗಂಜಿಯ ಹೊತ್ತಿಗೆ ನನ್ನಿಂದ ಮತ್ತೆ ಅದನ್ನೇ ಕೇಳಿಸಿದರು, ಪ್ರಾರ್ಥನೆ ಮುಗಿದ ಮೇಲೆ ಕೇಳಿಸಿದರು. ಒಮ್ಮೆ ಸಿಸ್ಟರ್‌ಗೆ ಸಿಟ್ಟೂ ಬಂತು. ಹೇಳಿದೆನಲ್ಲ, ಇವತ್ತು ಆಗುವುದಿಲ್ಲ. ಸುಪೀರಿಯರ್ ನಕ್ಕುಬಿಟ್ಟರು. ಅವರಿಗೆ ಪ್ರತಿ ದಿನವೂ ಇವತ್ತೇ ಆಗಿರುವಾಗ ನಾವು ಟಿಕೆಟ್‌ಗೆ ಯಾವ ತಾರೀಖು ಹಾಕಿಸೋಣ ಹೇಳಿ ಅಂದರು. ಪಾಸ್‌ಪೋರ್ಟನ್ನು ಡ್ರಾಯರಿಗೆ ಹಾಕಿ, ಸ್ಪೇನಿನ ಆ ರೂಮನ್ನು ಬೇರೆಯವರಿಗೆ ಕೊಡಬಹುದೆಂದು ಬರೆದರು. ನನಗೆ ಒಂದು ಷರತ್ತು ಹಾಕಿದರು. ವಾರಕ್ಕೊಮ್ಮೆಯಾದರೂ ಬಂದು ಉತ್ತರ ಕೊಡಬೇಕು.

ಹಾಗಾಗಿ ಈಗ ಗುರುವಾರಗಳು ನನ್ನವಲ್ಲ. ಓರಗಿತ್ತಿ ಬುತ್ತಿ ಕಟ್ಟಿಕೊಡುತ್ತಾಳೆ, ತಲೆ ಬಿಚ್ಚಿಸಿಕೊಂಡು ಬರಾಕೆ ಅಷ್ಟು ದೂರ ಹೋಗ್ತೀರಲ್ಲಕ್ಕಾ, ಇಲ್ಲಿ ನಾನು ಬಾಚಿದ್ರೆ ನೋವಾ ಅನ್ನುತ್ತಾಳೆ. ಮಂಡಿನೋವು ಇದ್ದೇ ಇದೆ. ಆಯಾಗೂ ನಾಲ್ಕು ಮಾತು ಕಲಿಸಿದ್ದೇನೆ: ಅನ್ನ ಬಿಸಿಯಿದೆ, ಜ್ವರ ಬಿಟ್ಟಿದೆ, ಹೊಳೆ ಇಳಿಯುತ್ತಿದೆ. ಅವಳು ಅದನ್ನು ಸೊಕ್ಕೆಯ ರಾಗದಲ್ಲಿ ಹೇಳಿದರೂ ಸಿಸ್ಟರ್ ತಲೆಯಾಡಿಸುತ್ತಾರೆ. ಹೇನು, ಸೀಮೆಎಣ್ಣೆ, ನೆತ್ತಿ, ಪ್ರವಾಹ, ಇಂಥ ಶಬ್ದಗಳನ್ನು ಯಾವ ಪಾಠವೂ ಕಲಿಸುವುದಿಲ್ಲ, ನಾನೇ ಹುಡುಕಿಕೊಳ್ಳುತ್ತೇನೆ. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಬಾಯಿಪಾಠ ಮಾಡುವಾಗ ಪಕ್ಕದವರು ಜಪ ಅಂದುಕೊಂಡು ಸುಮ್ಮನಿರುತ್ತಾರೆ.

ನೆಮ್ಮದಿ ಸಿಕ್ಕಿತೇ ಎಂದರೆ ಇಲ್ಲ. ನಾನಿಲ್ಲದ ಯಾವುದೋ ಒಂದು ಮಂಗಳವಾರ ಅವರು ತಮ್ಮ ತಾಯಿಯ ಮನೆಯನ್ನು ಕೇಳಿರಬಹುದು, ಆಯಾ ಹೊಳೆ ಇಳಿಯುತ್ತಿದೆ ಅಂದಿರಬಹುದು. ನಾವು ಸರಿಯಾಗಿ ಮಾಡಿದೆವೋ ಎಂದು ಹರಿಹರದ ಕಡೆಯ ಗಾಳಿ ಬೀಸುವಾಗೆಲ್ಲ ಅನಿಸುತ್ತದೆ. ಮತ್ತೆ ಆ ಗೇಟಿನಲ್ಲಿ ಅವರು ನನ್ನನ್ನು ಕಂಡು ಬೆಂಚು ತಟ್ಟಿದಾಗ ಅನಿಸುವುದಿಲ್ಲ.

ಕಷ್ಟದ ಪ್ರಶ್ನೆ ಒಂದೇ. ಬಾಚುವುದು ಮುಗಿದ ಮೇಲೆ ಅವರು ಪ್ರತಿ ಸಲ ಕೇಳುತ್ತಾರೆ, ಉಳಿದವರು ಎಲ್ಲಿ? ಹೊನ್ನಾಳಿಯವರು, ನ್ಯಾಮತಿಯವರು. ಅವರಲ್ಲಿ ಎಷ್ಟು ಜನ ಉಳಿದಿದ್ದಾರೆಂದು ನನಗೆ ಗೊತ್ತು, ಸಾವಿನ ಸುದ್ದಿ ಬಂದಾಗಲೆಲ್ಲ ಗುಂಪಿನಲ್ಲಿ ಕೈಮುಗಿದ ಚಿತ್ರಗಳನ್ನು ನಾನೂ ಹಾಕಿದ್ದೇನೆ. ನಿಜ ಹೇಳಲಾರೆ. ಬರುತ್ತಾರೆ ಎಂದು ಸುಳ್ಳು ಹೇಳಲೂ ನಾಲಿಗೆ ಏಳುವುದಿಲ್ಲ. ಹೋದ ಗುರುವಾರ ಬಸ್ಸಿನಲ್ಲಿ ಒಂದು ವಾಕ್ಯ ಹೊಂದಿಸಿಕೊಂಡು ಹೋದೆ, ಸುಳ್ಳಲ್ಲದ್ದು, ಗಾಯವನ್ನೂ ಮಾಡದ್ದು.

ನಾನು ಮೊದಲು ಬಂದೆ ಸಿಸ್ಟರ್, ಅಂದೆ.

ಅವರು ಒಪ್ಪಿದರು. ನೆತ್ತಿಯ ಮೇಲೆ ಒಂದು ಏಟು ಕೊಟ್ಟು ಟವೆಲ್ ಮಡಚಿಟ್ಟರು. ಆಮೇಲೆ ನನ್ನ ಹೆಗಲ ಮೇಲಿಂದ ರಸ್ತೆಯ ಕಡೆ ಕಣ್ಣು ನೆಟ್ಟರು. ಒಳಗೆ ಹೋಗಿ ಊಟ ಮಾಡಬೇಕಿದ್ದ ನಾನೂ ಅಲ್ಲೇ ಕೂತು ಅತ್ತಲೇ ನೋಡತೊಡಗಿದೆ.